ಕೈ ಎತ್ತಿ ಆರಿಸಿದ ನಾಯಿ

ಫೆಬ್ರವರಿ 4

ಅಕ್ಕಾ,

ಚೆನ್ನಾಗಿದ್ದೀಯಾ? ಭಾವ, ಅತ್ತೆಯವರು ಆರಾಮಾಗಿದ್ದಾರಾ? ಅಪ್ಪನ ಕಾಲು ಹೇಗಿದೆ? ನಾನು ಕೇಳಿದೆ ಅಂತ ಅವರಿಗೆ ಹೇಳಬೇಡ.

ಒಂದು ವಿಷಯ. ಇಲ್ಲಿ ಬಂಗಲೆಯಲ್ಲಿ ಎರಡು ನಾಯಿ ಹೆಚ್ಚಾಗಿವೆ. ಎರಡೂ ಬೇಟೆ ತಳಿ. ಒಂದು ಪಾಯಿಂಟರ್, ಗಂಡು, ಹೆಸರು ಕರ್ನಲ್. ಇನ್ನೊಂದು ಬ್ಲಡ್‌ಹೌಂಡ್, ಹೆಣ್ಣು, ಹೆಸರು ರಾಣಿ. ಒಂದನ್ನು ನಾನು ಇಟ್ಟುಕೊಳ್ಳಬಲ್ಲೆ. ಇನ್ನೊಂದಕ್ಕೆ ಒಂದು ಮನೆ ಬೇಕು. ನಿಮ್ಮ ಮನೆ ಪಕ್ಕದ ಲಾಂಡ್ರಿಯ ಅಂಗಳದಲ್ಲಿ ಒಣಗಹಾಕಿದ ಚಾದರಗಳು ಕಾಣೆಯಾಗುತ್ತಿವೆ ಅಂತ ಹೋದ ಕಾಗದದಲ್ಲಿ ಬರೆದಿದ್ದೆಯಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ಪಾಯಿಂಟರ್ ಒಳ್ಳೆಯದು. ಮೈ ನುಣುಪು, ಬಾಯಿ ಶುದ್ಧ, ಓಟ ಚೆಂದ. ಅದನ್ನೇ ತೆಗೆದುಕೊಳ್ಳಿ. ಬ್ಲಡ್‌ಹೌಂಡ್ ಮನೆಗೆ ಆಗಿಬರುವುದಿಲ್ಲ.

ಯಾವುದಕ್ಕೂ ಬರೆ.

ನಿನ್ನ ತಮ್ಮ


ಫೆಬ್ರವರಿ 13

ಕಲ್ಲುಬಾಯಿಯವನೇ,

ಹನ್ನೊಂದು ವರ್ಷದಲ್ಲಿ ನೀನು ಬರೆದ ಅತಿ ಉದ್ದದ ಕಾಗದ ಇದು. ಅದೂ ಯಾರ ಬಗ್ಗೆ? ನಾಯಿಗಳ ಬಗ್ಗೆ. ನಿನಗೆ ಜ್ವರ ಬಂದಾಗ ಮೂರು ಸಾಲು, ಕೈ ಮುರಿದಾಗ ಎರಡು ಸಾಲು. ನಾಯಿಗೆ ಮಾತ್ರ ಅರ್ಧ ಪುಟ.

ಬೇಟೆ ನಾಯಿ! ನಮ್ಮ ಮನೆಗೆ! ತಲೆ ನೆಟ್ಟಗಿದೆಯೇನೋ? ಬೇಟೆ ಯಾರ ಆಟ ಅಂತ ಮರೆತೆಯಾ? ಬಂದೂಕು ಹಿಡಿದವರು ನೆರಳಲ್ಲಿ ನಿಂತಿರುತ್ತಿದ್ದರು. ಅಪ್ಪನಂಥವರು ಮುಳ್ಳಿನೊಳಗೆ ಸಾಲಾಗಿ ನುಗ್ಗಿ, ಕೋಲಿನಿಂದ ಪೊದೆ ಬಡಿದು, ಗಂಟಲು ಹರಿದುಕೊಂಡು ಕೂಗಿ, ಪ್ರಾಣಿಗಳನ್ನು ಅವರ ಬಂದೂಕಿನ ಬಾಯಿಗೆ ಅಟ್ಟುತ್ತಿದ್ದರು. ಆಮೇಲೆ ಫೋಟೋ. ಫೋಟೋದಲ್ಲಿ ಯಾರಿರುತ್ತಿದ್ದರು? ಬಂದೂಕಿನವರು, ಸತ್ತ ಪ್ರಾಣಿ, ನಾಯಿ. ಪೊದೆ ಬಡಿದವರು ಪಕ್ಕಕ್ಕೆ ಸರಿಯಬೇಕಿತ್ತು, ಅವರ ನೆರಳು ಬೀಳುತ್ತದೆ ಅಂತ.

ನಿನ್ನ ಆ ಕರ್ನಲ್‌ಗೆ, ಆ ರಾಣಿಗೆ ಏಳು ತಲೆಮಾರಿನ ವಂಶಾವಳಿ ಕಾಗದ ಇರುತ್ತದಲ್ಲವೇ, ಮೊಹರು ಒತ್ತಿದ್ದು? ನಮ್ಮಪ್ಪ ಹುಟ್ಟಿದ ತಾರೀಕು ನಮ್ಮಪ್ಪನಿಗೇ ಗೊತ್ತಿಲ್ಲ. ನಾಯಿಯ ಮುತ್ತಜ್ಜಿಯ ಹೆಸರು ಗೊತ್ತಿರುವ ಬಂಗಲೆಯಲ್ಲಿ, ಇಪ್ಪತ್ತು ವರ್ಷ ದುಡಿದವನಿಗೆ "ಏಯ್" ಅನ್ನುವುದೇ ಹೆಸರಾಗಿತ್ತು.

ಅಂಥ ಒಂದು ನಾಯಿ ಅಪ್ಪನ ಮೀನಖಂಡ ಹರಿದದ್ದು ನಿನಗೇ ಗೊತ್ತು. ನೀನು ಆ ಬಂಗಲೆಗೇ ನಾಯಿ ನೋಡಿಕೊಳ್ಳುವ ಕೆಲಸಕ್ಕೆ ಹೊರಟಾಗ ಅಪ್ಪ ಅಂದದ್ದೂ ಗೊತ್ತು. "ನನ್ನ ಮಾಂಸ ತಿಂದ ನಾಯಿಗೆ ಊಟ ಹಾಕೋಕೆ ಹೋಗ್ತೀಯಾ? ಹೋಗು. ತಿರುಗಿ ಬರುವಾಗ ಈ ಬಾಗಿಲು ಎಲ್ಲಿದೆ ಅಂತ ಹುಡುಕಬೇಡ." ಅವತ್ತು ನಾನು ನಡುವೆ ಬರಲಿಲ್ಲ. ನನಗೂ ಸಿಟ್ಟಿತ್ತು. ಈಗಲೂ ಇದೆ. ಅವತ್ತಿನಿಂದ ಈ ಮನೆಯಲ್ಲಿ ನಿನ್ನ ಮಾತು ಬಂದರೆ ಅಪ್ಪ ಕುರ್ಚಿಗೆ ಹೆಣೆಯುವ ಬೆತ್ತವನ್ನು ಎಷ್ಟು ಬಿಗಿಯಾಗಿ ಎಳೆಯುತ್ತಾರೆಂದರೆ, ಆ ಕುರ್ಚಿಗಳ ಮೇಲೆ ಆನೆ ಕೂರಬಹುದು.

ಹಾಗಾಗಿ ಬೇಡ. ನಾಯಿ ಬೇಡ.

ಇಷ್ಟು ಬರೆದು ಅಂಟಿಸಲು ಹೊರಟಿದ್ದೆ. ನಮ್ಮತ್ತೆ ಹಿಂದೆ ನಿಂತು ಓದುತ್ತಿದ್ದರು. "ನೀನೊಬ್ಳೇ ಬೇಡ ಅಂದ್ರೆ ಆಗೋಯ್ತಾ? ಈ ಮನೇಲಿ ಯಾವತ್ತಿಂದ ಒಬ್ಬರ ರಾಜ್ಯಭಾರ ಶುರುವಾಯ್ತು?" ಅಂದರು. ಅವರ ಮಾತು ನ್ಯಾಯ. ನಾವು ನಲವತ್ತು ಹೆಂಗಸರು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಲಾಂಡ್ರಿಯ ಬಾಗಿಲಲ್ಲಿ ಹದಿನೇಳು ದಿನ ಕೂತು ಗೆದ್ದ ಮೇಲೆ, ನಮ್ಮ ಮನೆಯಲ್ಲೂ ಒಂದು ನಿಯಮ ಮಾಡಿಕೊಂಡಿದ್ದೇವೆ. ಬಾಗಿಲಿಗೆ ಯಾವ ಬಣ್ಣ ಅನ್ನುವುದರಿಂದ ಹಿಡಿದು ಎಲ್ಲವೂ ಸಭೆಯಲ್ಲಿ, ಕೈ ಎತ್ತಿ. ನಿನ್ನ ನಾಯಿಯ ವಿಷಯವೂ ಸಭೆಗೆ ಬರಬೇಕು.

ಆದ್ದರಿಂದ ಎರಡರ ಗುಣವನ್ನೂ ಸರಿಯಾಗಿ ಬರೆ. ನಿನ್ನ ಅಭಿಪ್ರಾಯ ಬೇಡ. ಸಂಗತಿ ಮಾತ್ರ ಬೇಕು.

ಅಕ್ಕ


ಫೆಬ್ರವರಿ 21

ಅಕ್ಕಾ,

ಸಂಗತಿ ಮಾತ್ರ ಬರೆಯುತ್ತೇನೆ.

ಪಾಯಿಂಟರ್ ಗಾಳಿಯಲ್ಲಿ ವಾಸನೆ ಹಿಡಿಯುವ ನಾಯಿ. ಬಯಲಿಗೆ ಬಿಟ್ಟರೆ ಆ ಕಡೆಯಿಂದ ಈ ಕಡೆಗೆ ಗುಡಿಸಿದ ಹಾಗೆ ಓಡುತ್ತದೆ. ಹಕ್ಕಿ ಎಲ್ಲಿದೆ ಅಂತ ಗೊತ್ತಾದ ಕೂಡಲೇ ಕಲ್ಲಾಗುತ್ತದೆ. ಮುಂಗಾಲು ಒಂದನ್ನು ಎತ್ತಿ, ಮೂಗು, ಬೆನ್ನು, ಬಾಲ ಒಂದೇ ಗೆರೆಯಾಗಿ ನಿಂತು ತೋರಿಸುತ್ತದೆ. ತಾನಾಗಿ ಹಿಡಿಯಲು ಹೋಗುವುದಿಲ್ಲ. ದಿನಕ್ಕೆ ಎರಡು ಗಂಟೆ ಓಟ ಬೇಕು. ಓಡದಿದ್ದರೆ ಬೇಜಾರಾಗಿ ಚಪ್ಪಲಿ ಕಡಿಯುತ್ತದೆ, ನೆಲ ಕೆದರುತ್ತದೆ. ಕೂದಲು ಗಿಡ್ಡ, ಚಳಿ ತಡೆಯದು. ಮನೆಯೊಳಗೆ ಬಲು ಶುದ್ಧ. ಜೊಲ್ಲು ಇಲ್ಲ.

ಬ್ಲಡ್‌ಹೌಂಡ್ ನೆಲದ ವಾಸನೆ ಹಿಡಿಯುವ ನಾಯಿ. ಎರಡು ದಿನ ಹಳೆಯ ಹೆಜ್ಜೆಯನ್ನೂ ಬಿಡುವುದಿಲ್ಲ. ಮೂಗು ನೆಲಕ್ಕೆ ಹಚ್ಚಿತೆಂದರೆ ಕರೆದರೂ ಕೇಳುವುದಿಲ್ಲ, ಎಳೆದರೂ ಬರುವುದಿಲ್ಲ. ಕಿವಿ ಎಷ್ಟು ಉದ್ದವೆಂದರೆ ಊಟದ ತಟ್ಟೆಯಲ್ಲಿ ಅದ್ದಿಕೊಳ್ಳುತ್ತವೆ. ವಾರಕ್ಕೆರಡು ಸಲ ಒರೆಸದಿದ್ದರೆ ಹುಣ್ಣಾಗುತ್ತವೆ. ಚರ್ಮ ಮೈಗಿಂತ ಎರಡು ಅಳತೆ ದೊಡ್ಡದು. ಜೊಲ್ಲು ಹಗ್ಗದ ಹಾಗೆ ಇಳಿಯುತ್ತದೆ. ತಲೆ ಕೊಡವಿದರೆ ಗೋಡೆಗೆ, ಸೂರಿಗೆ ಅಂಟುತ್ತದೆ. ನಿಮ್ಮದು ಬಿಳಿ ಬಟ್ಟೆಯ ಮನೆ, ಯೋಚಿಸಿ. ಅದರ ದನಿ ಎರಡು ಬೀದಿ ಆಚೆಗೆ ಕೇಳುತ್ತದೆ. ಸ್ವಭಾವ ಮಾತ್ರ ಬೆಣ್ಣೆ. ಇದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ ಅಂತ ಬರೆದೆ.

ಸಂಗತಿ ಮುಗಿಯಿತು. ಪಾಯಿಂಟರ್ ತೆಗೆದುಕೊಳ್ಳಿ.

ಅಪ್ಪ ಈಗಲೂ ಬೆಳಿಗ್ಗೆ ಟೀಗೆ ಸಕ್ಕರೆ ಹಾಕದೆ ಕುಡಿಯುತ್ತಾರಾ? ಉತ್ತರ ಬರೆಯಲೇಬೇಕೆಂದಿಲ್ಲ.

ನಿನ್ನ ತಮ್ಮ


ಮಾರ್ಚ್ 2

ತಮ್ಮಾ,

ಸಭೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮುಂದಿನ ಕೋಣೆಯಲ್ಲಿ ಸೇರಿತು. ಹಾಜರಿದ್ದವರು: ನಾನು, ನಿನ್ನ ಭಾವ, ನಮ್ಮತ್ತೆ, ಅಪ್ಪ. ನಿನ್ನ ಕಾಗದವನ್ನು ನಾನೇ ಗಟ್ಟಿಯಾಗಿ ಓದಿದೆ. ಸಕ್ಕರೆಯ ಸಾಲನ್ನು ಬಿಟ್ಟು.

ಮೊದಲು ಮಾತಾಡಿದ್ದು ನಿನ್ನ ಭಾವ. ಇವರು ಬಸ್ಸಿನಲ್ಲಿ ಸ್ಟೀರಿಂಗ್ ಹಿಡಿದಾಗ ಬಾಯಿ ಬಿಡುವುದಿಲ್ಲ, ಅದಕ್ಕೆಲ್ಲ ಸೇರಿಸಿ ಸಭೆಯಲ್ಲಿ ಆಡುತ್ತಾರೆ. "ನನ್ನ ಮತ ಪಾಯಿಂಟರ್‌ಗೆ. ಆ ಇನ್ನೊಂದಿದೆಯಲ್ಲ, ಅದರ ಮೂಗು ಅತಿಯಾಯ್ತು. ಮನೆ ಅಂದ್ಮೇಲೆ ಎಲ್ಲಾದ್ರಲ್ಲೂ ಮೂಗು ಹಾಕಬಾರದು. ಒಂದು ಮರ್ಯಾದೆ ಬೇಡ್ವಾ?" ಅಂದರು. ಯಾಕೋ ಬೆವರುತ್ತಿದ್ದರು.

ನಮ್ಮತ್ತೆ, "ನನ್ನದು ಹೆಣ್ಣುನಾಯಿಗೆ. ಈ ಮನೇಲಿ ಗಂಡಸರು ಇಬ್ಬರಿದ್ದಾರೆ. ಅಷ್ಟಕ್ಕೇ ಸುಸ್ತಾಗಿದೀನಿ" ಅಂದರು.

ಆಮೇಲೆ ನಾನು ಎದ್ದು ನಿಂತೆ. ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಪಾಯಿಂಟರ್ ಅನ್ನುವ ಈ ನಾಯಿ ಮಾಡುವ ಕೆಲಸವೇನು? ಕಾಲೆತ್ತಿ ನಿಂತು, "ಅಲ್ಲಿದೆ ನೋಡು" ಅಂತ ತೋರಿಸುವುದು. ಹಿಡಿಯುವುದು ಬೇರೆಯವರು, ಹೊರುವುದು ಬೇರೆಯವರು, ಮುಳ್ಳು ಚುಚ್ಚಿಸಿಕೊಳ್ಳುವುದು ಬೇರೆಯವರು. ಬೆರಳು ತೋರಿಸಿ ನಿಲ್ಲುವುದು ಸೂಪರ್‌ವೈಸರ್ ಕೆಲಸ! ಇಂಥವರನ್ನು ಲಾಂಡ್ರಿಯಿಂದ ಹೊರಗೆ ಹಾಕಲು ನಾವು ಹದಿನೇಳು ದಿನ ಬಿಸಿಲಲ್ಲಿ ಕೂತೆವು. ಈಗ ಮನೆಯೊಳಗೆ ಕರೆದು ಊಟ ಹಾಕಬೇಕಾ? ಬಾಯಿ ಶುದ್ಧವಂತೆ, ಜೊಲ್ಲಿಲ್ಲವಂತೆ. ಬೆವರು ಸುರಿಸದವರ ಮೈ ಯಾವತ್ತೂ ಶುದ್ಧವೇ. ಬ್ಲಡ್‌ಹೌಂಡ್ ನೋಡಿ. ಮೂಗು ನೆಲಕ್ಕೆ ಹಚ್ಚಿ ತಲೆ ಬಗ್ಗಿಸಿ ದುಡಿಯುತ್ತದೆ. ಹಿಡಿದ ಕೆಲಸ ಬಿಡುವುದಿಲ್ಲ. ಯಜಮಾನ ಕರೆದರೂ ತಿರುಗಿ ನೋಡುವುದಿಲ್ಲ. ದನಿ ಎರಡು ಬೀದಿಗೆ ಕೇಳುತ್ತದೆ. ಇದಕ್ಕಿಂತ ಒಳ್ಳೆಯ ಕಾರ್ಮಿಕಳನ್ನು ನಾನು ಕಂಡಿಲ್ಲ!

ನಮ್ಮತ್ತೆ ಚಪ್ಪಾಳೆ ಹೊಡೆದರು.

ಅಪ್ಪ ಬಾಗಿಲ ಬಳಿ ಕುರ್ಚಿ ಹೆಣೆಯುತ್ತಲೇ ಇದ್ದರು. "ಆ ನಾಯಿಗಳು ಬಂಗಲೆಯವಾ?" ಅಂತ ಒಂದೇ ಮಾತು ಕೇಳಿದರು. ಹೌದು ಅಂದೆ. ಅವರ ಕಾಲದಲ್ಲಿ ಈ ಹೆಸರೆಲ್ಲ ಅವರ ಕಿವಿಗೆ ಬಿದ್ದಿರಲಿಲ್ಲ, ನಾಯಿ ಅಂದರೆ ನಾಯಿ, ಅಷ್ಟೆ. "ಅಪ್ಪಾ, ಮತ ಹಾಕು, ಕೈ ಎತ್ತು" ಅಂದೆ. "ನನ್ನ ಕೈ ಕೆಲಸದಲ್ಲಿದೆ" ಅಂದರು. ತಟಸ್ಥ ಅಂತ ಬರೆದುಕೊಂಡೆ. ಬೇಡ ಅನ್ನಲಿಲ್ಲವಲ್ಲ, ಅಷ್ಟು ಸಾಕು.

ಎರಡಕ್ಕೆ ಒಂದು. ಬ್ಲಡ್‌ಹೌಂಡ್ ಗೆದ್ದಿದ್ದಾಳೆ.

ನೀನು ಪಾಯಿಂಟರ್, ಪಾಯಿಂಟರ್ ಅಂತ ಅಷ್ಟು ಒತ್ತಿ ಹೇಳಿದ್ದೂ ಇದಕ್ಕೊಂದು ಕಾರಣ. ಬಂಗಲೆಯ ಗಾಳಿ ಕುಡಿದು ಕುಡಿದು ನಿನಗೂ ನುಣುಪು ಮೈಯೇ ಚೆಂದ ಕಾಣುತ್ತಿದೆ.

ಮಾರ್ಚ್ 14ಕ್ಕೆ ಭಾವನ ಬಸ್ಸು ನಿಮ್ಮ ಕಡೆ ಬರುತ್ತದೆ. ಅವರ ಕೈಗೆ ನಾಯಿ ಕೊಡು. ನೀನೇ ಕರೆದುಕೊಂಡು ಬರುವುದಾದರೆ ಅದು ನಿನ್ನಿಷ್ಟ. ನಾನೇನೂ ಹೇಳುವುದಿಲ್ಲ.

ಅಕ್ಕ


ಮಾರ್ಚ್ 9

ಅಕ್ಕಾ,

ನಿಲ್ಲಿಸು. ಭಾವನನ್ನು ಕಳಿಸಬೇಡ.

ಅಪ್ಪನ ಕಾಲು ಹರಿದದ್ದು ಬ್ಲಡ್‌ಹೌಂಡ್. ನಿನಗೆ ಗೊತ್ತಿರಲಿಲ್ಲ. ಅಪ್ಪ ಯಾರಿಗೂ ಹೇಳಿಲ್ಲ. ನನಗೆ ಗೊತ್ತು, ಅವತ್ತು ಅದೇ ಸಾಲಿನಲ್ಲಿ ಅವರ ಪಕ್ಕದಲ್ಲೇ ನಾನೂ ಪೊದೆ ಬಡಿಯುತ್ತಿದ್ದೆ.

ಗುಂಡೇಟಿಗೆ ಸತ್ತ ಹಂದಿಯನ್ನು ಹೆಗಲ ಮೇಲೆ ಹೊತ್ತು ತರಲು ಅಪ್ಪನಿಗೆ ಹೇಳಿದ್ದರು. ಅದರ ರಕ್ತ ಅಪ್ಪನ ಕಾಲ ಮೇಲೆಲ್ಲ ಇಳಿದಿತ್ತು. ಯಾರೋ ನಾಯಿಯ ಹಗ್ಗ ಬಿಚ್ಚಿದರು. ಅದು ರಕ್ತದ ಜಾಡು ಹಿಡಿದು ಬಂತು. ಅಪ್ಪ ಕೂಗಿದರು. ನೆನಪಿದೆಯಾ, ಪೊದೆ ಬಡಿಯುವವರೆಲ್ಲ ಬಂದೂಕಿನ ಹತ್ತಿರ ಬಂದಾಗ ಕೂಗುತ್ತಿದ್ದ ಕೂಗು, "ಆಳು ಇದ್ದೀನಿ ಹೋಯ್" ಅಂತ? ಇಲ್ಲಿ ಮನುಷ್ಯ ಇದ್ದಾನೆ, ಗುಂಡು ಹಾರಿಸಬೇಡಿ ಅಂತ. ಬಂದೂಕಿನವರು ನಿಂತರು. ನಾಯಿ ನಿಲ್ಲಲಿಲ್ಲ. ಆ ಕೂಗಿನ ಅರ್ಥ ಅದಕ್ಕೆ ಯಾರೂ ಕಲಿಸಿರಲಿಲ್ಲ.

ನಾಯಿಯ ಒಂದು ಹಲ್ಲು ಅಲುಗಾಡಿತು ಅಂತ ಡಾಕ್ಟರನ್ನು ಕರೆಸಿದರು. ಅಪ್ಪನ ಕಾಲಿಗೆ ಗೋಣಿ ಹರಿದು ಕಟ್ಟಿದೆ, ನಾನೇ.

ಅದಕ್ಕೇ ಪಾಯಿಂಟರ್ ಅಂದೆ. ಆ ಉದ್ದ ಕಿವಿ ಕಂಡರೆ ಅಪ್ಪನಿಗೆ ಏನಾಗುತ್ತದೋ. ಮೊದಲೇ ಬರೆಯಬೇಕಿತ್ತು. ಅಪ್ಪ ಮುಚ್ಚಿಟ್ಟಿದ್ದನ್ನು ನಾನು ಹೇಗೆ ಬಿಚ್ಚಲಿ ಅಂತ ಸುಮ್ಮನಿದ್ದೆ.

ನಿನ್ನ ತಮ್ಮ


(ನಾಯಿಯ ಕೊರಳಪಟ್ಟಿಗೆ ಕಟ್ಟಿದ ಚೀಟಿ)

ಮಾರ್ಚ್ 14

ಅಕ್ಕಾ,

ನನ್ನ ಕಾಗದ ಓದಿದ ಮೇಲೂ ಭಾವನನ್ನು ಕಳಿಸಿದ್ದೀರಿ. ಅಂದರೆ ಅಪ್ಪ ಒಪ್ಪಿದ್ದಾರೆ. ನನಗೆ ಎಷ್ಟು ಸಂತೋಷವಾಗಿದೆ ಅಂತ ಬರೆಯಲು ಬರುವುದಿಲ್ಲ. ಭಾವನನ್ನು ಕೇಳೋಣವೆಂದರೆ ಅವರು ಸ್ಟೀರಿಂಗ್ ಹಿಡಿದು ಕೂತಿದ್ದರು.

ರಾಣಿ ಕೈ ಮೀರಿದರೆ ಅಪ್ಪನನ್ನು ಕರೆ. ಅವರಿಗೆ ಗೊತ್ತು.

ತಮ್ಮ


ಮಾರ್ಚ್ 17

ತಮ್ಮಾ,

ನಿನ್ನ ಒಂಬತ್ತನೇ ತಾರೀಕಿನ ಕಾಗದ ನಮ್ಮ ಕೈಗೆ ಸಿಕ್ಕಿದ್ದು ನಾಯಿ ಬಂದ ಮಾರನೆಯ ದಿನ. ಅಂಚೆಯವನಿಗೆ ಕಾಲು ನೋವಂತೆ, ಎರಡು ದಿನದ ಕಾಗದ ಸೇರಿಸಿ ತಂದ. ಆದ್ದರಿಂದ ನಡೆದದ್ದನ್ನು ಕೂತು ಓದು. ನಿಂತು ಓದಬೇಡ.

ಹದಿನಾಲ್ಕರ ಮಧ್ಯಾಹ್ನ ಬಸ್ಸು ನಮ್ಮ ಬೀದಿಯ ತುದಿಯಲ್ಲಿ ನಿಂತಿತು. ನಿನ್ನ ಭಾವ ಇಳಿದರು. ಅವರ ಪ್ಯಾಂಟು ಮೊಣಕಾಲವರೆಗೆ ಒದ್ದೆ. ಹಿಂದೆಯೇ ಅವಳು ಇಳಿದಳು. ಬಾಗಿಲಲ್ಲಿ ನಿಂತಿದ್ದ ನಮ್ಮತ್ತೆ ಒಂದು ಗಳಿಗೆ ನೋಡಿ, "ಅಯ್ಯೋ, ಇದರ ಮುಖಕ್ಕೆ ಇಸ್ತ್ರಿ ಹಾಕೋರು ಯಾರೂ ಇರ್ಲಿಲ್ವಾ?" ಅಂದರು. ನಲವತ್ತು ಇಸ್ತ್ರಿಯವರಿರುವ ಬೀದಿಯಲ್ಲಿ ಆ ಮುಖ ಹಾಗೆ ನಡೆದು ಬಂತು. ಅಲ್ಲೇ ಹೆಸರೂ ಬದಲಾಯಿತು. ನಮ್ಮ ಮನೆಯಲ್ಲಿ ರಾಣಿಯರಿಗೆ ಜಾಗವಿಲ್ಲ. ಅವಳೀಗ ಮುದುರಿ.

ಮುದುರಿ ಹೊಸ್ತಿಲ ಹತ್ತಿರ ನಿಂತಳು. ಮೂಗು ಮೇಲೆತ್ತಿದಳು. ಆಮೇಲೆ ನೆಲಕ್ಕೆ ಹಚ್ಚಿದಳು. ಅಷ್ಟೇ ನೋಡು, ಭಾವನ ಕೈಯಿಂದ ಹಗ್ಗ ಜಾರಿತು. ಒಂದೇ ಉಸಿರಿಗೆ ಒಳಗೆ ನುಗ್ಗಿದಳು, ನೇರ ಅಪ್ಪನ ಕಡೆಗೆ.

ಅಪ್ಪ ತಲೆ ಎತ್ತಿದರು. ಆ ಕಿವಿಗಳನ್ನು ನೋಡಿದರು. ಎದ್ದ ರಭಸಕ್ಕೆ ಕುರ್ಚಿ ಬಿತ್ತು, ಬೆತ್ತದ ಸುರುಳಿ ಉರುಳಿತು. ಗೋಡೆಗೆ ಬೆನ್ನು ಹಚ್ಚಿ, ಸೊಟ್ಟ ಕಾಲನ್ನು ನೆಟ್ಟಗಿರುವ ಕಾಲಿನ ಹಿಂದೆ ಬಚ್ಚಿಟ್ಟುಕೊಂಡರು. ನನ್ನ ಬಾಯಿಂದ ದನಿಯೇ ಬರಲಿಲ್ಲ. ಅಪ್ಪನ ಬಾಯಿಂದ ಬಂತು.

"ಆಳು ಇದ್ದೀನಿ ಹೋ…ಯ್!"

ತಮ್ಮಾ, ಹದಿನೇಳು ವರ್ಷವಾಗಿತ್ತು ಆ ಕೂಗು ಕೇಳಿ. ಲಾಂಡ್ರಿಯೊಳಗೆ ಇಸ್ತ್ರಿ ಮಾಡುತ್ತಿದ್ದವರೆಲ್ಲ ಕೈ ನಿಲ್ಲಿಸಿದರಂತೆ. ಎದುರುಮನೆಯವರು ಹೊರಗೆ ಬಂದರು.

ಮುದುರಿ ನಿಂತಳು. ನೆಲವೇ ಅವಳ ಕಾಲು ಹಿಡಿದ ಹಾಗೆ. ಆಮೇಲೆ ಮೆಲ್ಲಗೆ ಕೂತಳು. ಅಪ್ಪನಿಗೂ ಅವಳಿಗೂ ನಡುವೆ ಒಂದು ಮೊಳ ಜಾಗ. ಕಿವಿ ಎರಡೂ ಕಡೆ ಇಳಿಬಿಟ್ಟು ಅಪ್ಪನ ಮುಖವನ್ನೇ ನೋಡುತ್ತಿದ್ದಳು, ಇನ್ನೇನು ಅಪ್ಪಣೆ ಅನ್ನುವಂತೆ.

ಅಪ್ಪ ಗೋಡೆಯಿಂದ ಬೆನ್ನು ತೆಗೆದರು. ಆಮೇಲೆ ಒಂದು ಹೆಜ್ಜೆ ಮುಂದಿಟ್ಟರು. ಅವಳು ಕದಲಲಿಲ್ಲ. ಅಂಗಳದ ತುದಿಗೆ ಅವಳನ್ನು ಅಟ್ಟಿದರು. ಅವಳು ತಿರುಗಿ ಓಡಿಬಂದಳು. ಮತ್ತೆ ಕೂಗಿದರು. ಮತ್ತೆ ನಿಂತಳು. ಮೂರನೇ ಸಲ. ನಾಲ್ಕನೇ ಸಲ. ನಾಲ್ಕನೇ ಸಲಕ್ಕೆ ಅಪ್ಪನ ದನಿಯಲ್ಲಿ ಹೆದರಿಕೆ ಇರಲಿಲ್ಲ. ಬೇಕಂತಲೇ ಕೂಗುತ್ತಿದ್ದರು.

"ಇದು ನಮ್ಮ ಸಾಲಿನ ಕೂಗು" ಅಂದರು. "ಬಂಗಲೆಯವರ ನಾಯಿಗೆ ಇದನ್ನ ಯಾರು ಕಲಿಸಿದ್ರು?"

ನಿನ್ನ ಭಾವ ಕೊರಳಪಟ್ಟಿಯ ಚೀಟಿ ಬಿಚ್ಚಿ ನನ್ನ ಕೈಗೆ ಕೊಟ್ಟರು. "ಅಪ್ಪನನ್ನು ಕರೆ. ಅವರಿಗೆ ಗೊತ್ತು" ಅನ್ನುವುದನ್ನು ಗಟ್ಟಿಯಾಗಿ ಓದಿದೆ. ಅಪ್ಪ ಆ ಕಡೆ ಮುಖ ತಿರುಗಿಸಿದರು.

ಇಲ್ಲಿಗೆ ಮುಗಿಯಿತು ಅಂದುಕೊಂಡೆಯಾ? ಮುದುರಿ ಬಂದದ್ದು ಅಪ್ಪನಿಗಾಗಿ ಅಲ್ಲವೇ ಅಲ್ಲ. ಅಪ್ಪ ಸುಮ್ಮನಾದ ಕೂಡಲೇ ಎದ್ದು ಅವರನ್ನು ಸುತ್ತಿಕೊಂಡು ಹೋಗಿ, ಬೆತ್ತ ನೆನೆಸುವ ತೊಟ್ಟಿಯ ಪಕ್ಕದ ತಗಡಿನ ಪೆಟ್ಟಿಗೆಯ ಮೇಲೆ ಗದ್ದ ಊರಿ ಕುಂಯ್‌ಗುಟ್ಟಿದಳು. ಎಳೆದರೆ ಬರಲಿಲ್ಲ. ನೀನು ಬರೆದದ್ದು ನಿಜ, ಹಿಡಿದ ಜಾಡು ಬಿಡುವುದಿಲ್ಲ. ಅಪ್ಪ, "ಅದರಲ್ಲೇನಿಲ್ಲ, ಉಳಿ ಇದೆ, ಮೇಣ ಇದೆ" ಅಂದರು. ನಮ್ಮತ್ತೆ ಅಷ್ಟರಲ್ಲಿ ಮುಚ್ಚಳ ತೆಗೆದಿದ್ದರು.

ಉಳಿ ಇತ್ತು. ಮೇಣ ಇತ್ತು. ಅದರಡಿಯಲ್ಲಿ, ಬೆತ್ತದ ಸೀಳಿನಿಂದ ಕಟ್ಟಿದ ನಿನ್ನ ಕಾಗದಗಳಿದ್ದವು. ಹನ್ನೊಂದು ವರ್ಷದ್ದು. ಎಲ್ಲವೂ. ನಾನು ಓದಿ ಬದಿಗಿಟ್ಟ ಮೇಲೆ ಅಪ್ಪ ಒಲೆ ಹಚ್ಚಲು ಒಯ್ಯುತ್ತಾರೆ ಅಂತ ನಾನು ತಿಳಿದಿದ್ದೆ. ನಿನ್ನ ಕೈಯ ವಾಸನೆ ಹಿಡಿದು ಬಂದಿದ್ದಳು ಮಾರಾಯ ಅವಳು!

ಅಪ್ಪ, "ಉಳಿಗಳು ಸದ್ದು ಮಾಡದಿರಲಿ ಅಂತ ನಡುವೆ ತುರುಕಿದ್ದೆ" ಅಂದರು.

"ಹೌದು ಬೀಗರೇ," ಅಂದರು ನಮ್ಮತ್ತೆ, "ತಾರೀಕಿನ ಪ್ರಕಾರ ತುರುಕಿದ್ದೀರಿ."

ನಾನು ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಇನ್ನೊಂದು ವರದಿ. ಕಾಣೆಯಾದ ಚಾದರಗಳ ಕಳ್ಳ ಎರಡನೇ ದಿನವೇ ಸಿಕ್ಕಿಬಿದ್ದ. ನಮ್ಮತ್ತೆ ಒಂದು ಚಾದರ ಮೂಸಿಸಿ ಬಿಟ್ಟರು. ಮುದುರಿ ಅಂಗಳ ದಾಟಿ, ಬೀದಿ ದಾಟಿ, ನಿನ್ನ ಭಾವನ ಬಸ್ಸು ಹತ್ತಿ, ಡ್ರೈವರ್ ಸೀಟಿನ ಕೆಳಗೆ ಮೂಗು ತುರುಕಿ ಬೀದಿಯೆಲ್ಲ ಕೇಳುವಂತೆ ಕೂಗಿದಳು. ಏಳು ಚಾದರ. ಗಾಜು ಒರೆಸಲು! "ಹಳೇವು ಅಂತ ತಿಳ್ಕೊಂಡಿದ್ದೆ ಕಣೇ" ಅನ್ನುತ್ತಾರೆ. ಸಭೆಯಲ್ಲಿ ಪಾಯಿಂಟರ್‌ಗೆ ಯಾಕೆ ಮತ ಹಾಕಿದರು, ಯಾಕೆ ಬೆವರುತ್ತಿದ್ದರು ಅಂತ ಈಗ ತಿಳಿಯಿತಲ್ಲ? ಮುಂದಿನ ಒಂದು ತಿಂಗಳು ಮನೆಯ ಬಟ್ಟೆಯೆಲ್ಲ ಅವರೇ ಒಗೆಯಬೇಕೆಂದು ತೀರ್ಮಾನವಾಗಿದೆ. ಪರವಾಗಿ ಮೂರು ಕೈ, ವಿರುದ್ಧ ಒಂದು. ಈ ಸಲ ಅಪ್ಪನೂ ಕೈ ಎತ್ತಿದರು.

ಈಗ ನನ್ನ ತಪ್ಪೊಪ್ಪಿಗೆ. ಚಾದರಕ್ಕೆ ಕಾವಲು ಬೇಕು ಅಂತ ನಾನು ನಾಯಿಗೆ ಒಪ್ಪಲಿಲ್ಲ. ನಾಯಿಯನ್ನು ಬಿಡಲು ನೀನೇ ಬರುತ್ತೀಯ ಅಂತ ಒಪ್ಪಿದೆ. ಬಸ್ಸಿನ ಬಾಗಿಲಲ್ಲಿ ಭಾವನ ಹಿಂದೆ ನಾಯಿ ಮಾತ್ರ ಇಳಿದ ಮೇಲೂ ನಾನು ಆ ಬಾಗಿಲನ್ನೇ ನೋಡುತ್ತಿದ್ದೆ. ಬಾ ಅಂತ ಬಾಯಿಬಿಟ್ಟು ಬರೆಯಲು ಬಿಂಕ. ಕಲ್ಲುಬಾಯಿ ನಿನ್ನೊಬ್ಬನದೇ ಅಲ್ಲ, ಈ ವಂಶದ್ದು. ಇದಕ್ಕೆ ಮೊಹರು ಒತ್ತಿದ ಕಾಗದ ಬೇಕಿಲ್ಲ.

ಆ ಕೂಗಿನ ಕಥೆ ಏನು? ಪೂರ್ತಿ ಬರೆ.

ಅಕ್ಕ


ಮಾರ್ಚ್ 23

ಅಕ್ಕಾ,

ಕೂತೇ ಓದಿದೆ. ಮೂರು ಸಲ.

ಕೂಗಿನ ಕಥೆ ಇಷ್ಟೇ. ಅಪ್ಪನ ಕಾಲಿಗೆ ಗೋಣಿ ಕಟ್ಟಿದಾಗ ನನಗೆ ಹದಿನಾಲ್ಕು. ಅವತ್ತೇ ಒಂದು ಮಾತು ತಲೆಯಲ್ಲಿ ಕೂತಿತು. ಆ ನಾಯಿಗೆ ಅಪ್ಪನ ಮೇಲೆ ಹಗೆ ಇರಲಿಲ್ಲ. ಅದಕ್ಕೆ ಅಪ್ಪನ ಮಾತು ಗೊತ್ತಿರಲಿಲ್ಲ. ಯಜಮಾನರ ಸೀಟಿ ಗೊತ್ತಿತ್ತು, ಆಳಿನ ಕೂಗು ಗೊತ್ತಿರಲಿಲ್ಲ. ಕಲಿಸಬೇಕಾದವರಿಗೆ ಅದು ಬೇಕಾಗಿರಲಿಲ್ಲ. ಹಾಗಾದರೆ ಕಲಿಸುವ ಜಾಗದಲ್ಲಿ ನಮ್ಮವರೇ ಒಬ್ಬರು ಇರಬೇಕು ಅನ್ನಿಸಿತು. ಇಪ್ಪತ್ತು ತುಂಬಿದಾಗ ಅದಕ್ಕೇ ಈ ಕೆಲಸಕ್ಕೆ ಬಂದೆ.

ಮರಿ ಕಣ್ಣು ಬಿಟ್ಟ ದಿನದಿಂದ ಊಟದ ತಟ್ಟೆ ಇಡುವ ಮೊದಲು ಆ ಕೂಗು ಕೂಗುತ್ತಿದ್ದೆ. ಕೂಗಿದರೆ ನಿಲ್ಲಬೇಕು, ಕೂರಬೇಕು, ಆಮೇಲೆ ಊಟ. "ಏನೋ ಅದು ಬೊಬ್ಬೆ?" ಅಂತ ಮ್ಯಾನೇಜರ್ ಕೇಳಿದರು. "ನಾನು ಕಲಿಸೋ ರೀತಿ ಇದು ಸಾರ್" ಅಂದೆ. ನನ್ನ ಕೈಯಲ್ಲಿ ಇಪ್ಪತ್ತಾರು ನಾಯಿ ಬೆಳೆದಿವೆ. ಕೆಲವು ಯಜಮಾನರ ಸೀಟಿಗೂ ನಿಲ್ಲುತ್ತಿರಲಿಲ್ಲ, ಅಪ್ಪನ ಕೂಗಿಗೆ ನಿಲ್ಲುತ್ತಿದ್ದವು. ಬೇಟೆ ನಿಂತುಹೋಗುವವರೆಗೂ ನಾನು ಲೆಕ್ಕ ಇಟ್ಟಿದ್ದು ಒಂದನ್ನೇ: ಸಾಲಿನಲ್ಲಿದ್ದ ಒಬ್ಬನ ಕಾಲಿಗೂ ಹಲ್ಲು ತಾಗಿಲ್ಲ.

ಇದನ್ನು ಅವತ್ತೇ ಯಾಕೆ ಹೇಳಲಿಲ್ಲ ಅಂತ ಬೈಯುತ್ತೀಯ. ಹೋಗುವ ದಿನ ಹೇಳಿದ್ದರೆ ಸಂಬಳಕ್ಕೆ ಹೋಗುವವನ ನೆಪ ಅಂತ ಅನ್ನಿಸುತ್ತಿತ್ತು. ಮಾಡಿ ತೋರಿಸಿದ ಮೇಲೆ ಹೇಳೋಣ ಅಂದುಕೊಂಡೆ. ಮಾಡಿ ತೋರಿಸುವಷ್ಟರಲ್ಲಿ ಹೇಳುವ ಅಭ್ಯಾಸ ತಪ್ಪಿಹೋಗಿತ್ತು.

ಇನ್ನೊಂದನ್ನೂ ಮುಚ್ಚಿಟ್ಟಿದ್ದೆ. ಬಂಗಲೆ ಮಾರಾಟವಾಗಿದೆ. ಏಪ್ರಿಲ್ 5ಕ್ಕೆ ಬೀಗ. ಬೇರೆ ನಾಯಿಗಳೆಲ್ಲ ಜನವರಿಯಲ್ಲೇ ಹೋದವು. ಎರಡು ನಾಯಿ ಹೆಚ್ಚಾಗಿವೆ ಅಂತ ಬರೆದಾಗ ಹೆಚ್ಚಾಗಿದ್ದವರು ಮೂವರು. ಮೂರನೆಯವನು ನಾನು. "ನೀನೇ ತಂದುಬಿಡು" ಅಂತ ನೀನು ಬರೆಯುತ್ತೀಯೇನೋ ಅಂತ ಕಾದೆ. ನೀನು "ನಿನ್ನಿಷ್ಟ" ಅಂತ ಬರೆದೆ. ನನ್ನ ಇಷ್ಟಕ್ಕೆ ನಾನು ಹೆದರಿದೆ.

ಕರ್ನಲ್‌ನನ್ನು ಇಲ್ಲಿಯ ಅಡುಗೆಯಾಕೆ ಕೇಳಿದಳು. ಅವಳ ಮಗಳ ಮನೆ ಮುಂದೆ ದೊಡ್ಡ ಬಯಲಿದೆ, ಓಡಲು ಬೇಕಾದಷ್ಟು ಜಾಗ. ನಿನ್ನೆ ಕಳಿಸಿಕೊಟ್ಟೆ. ಬಯಲಿಗೆ ಬಿಟ್ಟ ಕೂಡಲೇ ಕಾಲೆತ್ತಿ ನಿಂತು ಯಾರದೋ ಕೋಳಿಯನ್ನು ತೋರಿಸಿದನಂತೆ. ನೀನು ಹೇಳಿದ್ದು ಸರಿ, ಹಿಡಿಯಲು ಹೋಗಲಿಲ್ಲ.

ಈಗ ನನ್ನ ಹತ್ತಿರ ಯಾವ ನಾಯಿಯೂ ಇಲ್ಲ. ಮನೆಗೆ ಬರಲು ನೆಪವೂ ಇಲ್ಲ.

ಮುದುರಿಯ ಕಿವಿ ವಾರಕ್ಕೆರಡು ಸಲ ಒರೆಸುವುದನ್ನು ಮರೆಯಬೇಡಿ.

ನಿನ್ನ ತಮ್ಮ


ಮಾರ್ಚ್ 30

ಮಗನೇ,

ಬರೆಯುತ್ತಿರುವುದು ಅಪ್ಪ. ಅಕ್ಷರ ದೊಡ್ಡದಾಗಿದೆ, ಕುರ್ಚಿಗೆ ಗುರುತು ಹಾಕುವ ಪೆನ್ಸಿಲ್ ಇದು. ನಿನ್ನಕ್ಕ "ನಾನು ಬರ್ಕೊಡ್ತೀನಿ" ಅಂದಳು. ಬೇಡ ಅಂದೆ. ಅವಳು ಬರೆದರೆ ಭಾಷಣವಾಗುತ್ತದೆ.

ಮೊದಲು ಒಂದು ತಕರಾರು. ನೀನು ಕೂಗನ್ನು ತಪ್ಪು ಕಲಿಸಿದ್ದೀಯ. ಕೊನೆಯ ಹೋಯ್ ಎಳೆಯಬೇಕು, ಮೇಲಕ್ಕೆ ಹೋಗಬೇಕು. ನೀನು ಮೊಟಕು ಮಾಡಿದ್ದೀಯ. ಉದ್ದ ಎಳೆದರೆ ಮುದುರಿ ನಿಲ್ಲುತ್ತಾಳೆ, ಆದರೆ ತಲೆ ಓರೆ ಮಾಡಿ ನೋಡುತ್ತಾಳೆ, ಇದೇನು ಹೊಸದು ಅಂತ. ಹದಿನೈದು ದಿನದಿಂದ ತಿದ್ದುತ್ತಿದ್ದೇನೆ. ಇಪ್ಪತ್ತಾರು ನಾಯಿಗೆ ತಪ್ಪು ಪಾಠ ಹೇಳಿದವನನ್ನು ಏನನ್ನಬೇಕು?

ಎರಡನೆಯದು. ಆ ಕೂಗು ನನ್ನದು. ನಮ್ಮ ಸಾಲಿನದು. ನನ್ನನ್ನು ಒಂದು ಮಾತು ಕೇಳದೆ ಎತ್ತಿಕೊಂಡು ಹೋಗಿ ಬಂಗಲೆಯ ನಾಯಿಗಳ ಕಿವಿಯೊಳಗೆ ಹಾಕಿದೆ. ಅವರ ತಟ್ಟೆಯಲ್ಲಿ ಉಂಡ ನಾಯಿಗಳು ಹನ್ನೊಂದು ವರ್ಷ ನಮ್ಮ ಮಾತು ಕೇಳಿದವು. ಅವರಿಗೆ ಗೊತ್ತೇ ಆಗಲಿಲ್ಲ. ಇದನ್ನು ನೆನೆಸಿಕೊಂಡು ಮೊನ್ನೆ ಕುರ್ಚಿ ಹೆಣೆಯುವಾಗ ನಕ್ಕುಬಿಟ್ಟೆ. ಬೆತ್ತ ಸಡಿಲವಾಯಿತು, ಬಿಚ್ಚಿ ಮತ್ತೆ ಹೆಣೆಯಬೇಕಾಯಿತು. ನಿನ್ನಿಂದ ಒಂದು ಇಡೀ ದಿನದ ಕೆಲಸ ಹಾಳು.

ನಾಯಿ ನನ್ನ ಕಾಲ ಮೇಲೆ ಮಲಗುತ್ತದೆ. ಸೊಟ್ಟ ಕಾಲಿನ ಮೇಲೆಯೇ. ಬಿಸಿಗೆ ನೋವು ಕಡಿಮೆಯಾಗುತ್ತದೆ. ಯಾರಿಗೂ ಹೇಳಬೇಡ. ಕಿವಿ ಒರೆಸುವುದು ನಾನೇ. ಜೊಲ್ಲಿನ ಬಟ್ಟೆ ಒಗೆಯುವುದು ನಿನ್ನ ಭಾವ.

ಬೆಳಿಗ್ಗೆ ಟೀಗೆ ಈಗಲೂ ಸಕ್ಕರೆ ಹಾಕಿಕೊಳ್ಳುವುದಿಲ್ಲ. ನಿನ್ನಕ್ಕ ಆ ಸಾಲು ಬಿಟ್ಟು ಓದಿದಳು, ಆಮೇಲೆ ನಾನೇ ಓದಿಕೊಂಡೆ.

ಬಾಗಿಲು ಹುಡುಕಬೇಡ ಅಂದಿದ್ದೆ. ಹುಡುಕಬೇಕಾಗಿಲ್ಲ, ಇದ್ದಲ್ಲೇ ಇದೆ. ಹಸಿರು ಬಣ್ಣ ಬಳಿದಿದ್ದಾರೆ, ಕೈ ಎತ್ತಿ ಆರಿಸಿದ ಬಣ್ಣ. ನಿನ್ನ ವಿಷಯವನ್ನೂ ನಿನ್ನಕ್ಕ ಸಭೆಗೆ ತಂದಳು. ಕೈ ಎತ್ತಿ ಅನ್ನುವ ಮೊದಲೇ ನಾನು ಎರಡೂ ಕೈ ಎತ್ತಿದೆ. ಅದು ನಿಯಮಕ್ಕೆ ವಿರುದ್ಧವಂತೆ. ಇರಲಿ.

ಏಪ್ರಿಲ್ 5ಕ್ಕೆ ಭಾವನ ಬಸ್ಸು ಬರುತ್ತದೆ. ಹತ್ತು. ಬೀದಿಯ ತುದಿಯಲ್ಲಿ ಇಳಿದು, ಅಲ್ಲಿಂದಲೇ ಒಂದು ಸಲ ಆ ಕೂಗು ಕೂಗು. ಸರಿಯಾಗಿ, ಎಳೆದು. ಕೇಳಿದರೆ ಮುದುರಿ ನಿಂತುಬಿಡುತ್ತಾಳೆ.

ನಾನು ನಿಲ್ಲುವುದಿಲ್ಲ.

ಅಪ್ಪ